ಹಂಚುವುದಕ್ಕೆ ದುಡ್ಡಿತ್ತು

ಮೇಘನಾ, ನಿನಗೆ ಕೌನ್ಸಿಲಿನಲ್ಲಿ ಕೆಲಸ ಸಿಕ್ಕಿತೆಂದು ನಿನ್ನ ಅಮ್ಮ ಫೋನ್ ಮಾಡಿದಾಗ ಒಳ್ಳೆಯದಾಯಿತು ಎಂದೆ. ಯಾವ ವಿಭಾಗ ಎಂದು ಕೇಳಿದ್ದಕ್ಕೆ ‘ಕಮ್ಯುನಿಟಿ ಸೇಫ್ಟಿ’ ಎಂದಳು. ಆಮೇಲೆ ನಾನು ಬೇರೆ ಮಾತು ತೆಗೆದೆ.

ಅಂಥದೇ ವಿಭಾಗದಲ್ಲಿ ಕೂತು ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ನಾನು ಕನ್ನಡದಲ್ಲಿ ಶುರು ಮಾಡಿದರೆ ನೀವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತೀರಿ, ನಾನು ಸುಮ್ಮನಾಗುತ್ತೇನೆ. ಲಂಡನ್ನಿನ ಜುಬಿಲಿ ರೈಲು ಲೈನಿನ ಈ ತುದಿಯ ಸ್ಟ್ರಾಟ್‌ಫರ್ಡ್‌ನಲ್ಲಿ ನಾನು, ಆ ತುದಿಯ ಸ್ಟ್ಯಾನ್ಮೋರ್‌ನಲ್ಲಿ ನೀವು. ಭಾನುವಾರ ಬಂದು ಊಟ ಮಾಡಿ ಹೋಗುವಷ್ಟರಲ್ಲಿ ಇಂಥ ಮಾತು ಆಗುವುದೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕನ್ನಡ ಶಾಲೆಗೆ ಹೋಗಿ ಓದಲು ಕಲಿತವಳು ನೀನೊಬ್ಬಳೇ. ನಿನ್ನ ತಮ್ಮ ರೋಹನ್‌ಗೆ ನೀನೇ ಓದಿ ಹೇಳು. ನಾನು ದುಡಿದ ಕೌನ್ಸಿಲಿನ ಹೆಸರು ಬರೆಯುವುದಿಲ್ಲ. ನಾನಿರುವ ಭಾಗದ ನಗರಾಡಳಿತ ಅಲ್ಲ, ನೀನು ಸೇರುವುದೂ ಅಲ್ಲ. ನನ್ನ ಗ್ರೇಡ್ ಯಾವಾಗ ಏರಿತು ಎಂಬುದನ್ನೂ ಬರೆಯುವುದಿಲ್ಲ. ಅದರಲ್ಲಿ ಹೇಳುವಂಥದ್ದೇನಿಲ್ಲ.

ನಾನು ಹಾವೇರಿ ಕಡೆಯ ಹಳ್ಳಿಯ ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವಳು. ನಿಮ್ಮ ಅಜ್ಜ ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದರು. ಅವರು ತೀರಿಕೊಂಡಾಗ ನಿನ್ನ ಅಮ್ಮ ಇನ್ನೂ ಶಾಲೆಯಲ್ಲಿದ್ದಳು. ನಾನು ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆದೆ, ಸಂಜೆ ಲೈಬ್ರರಿಯಲ್ಲಿ ಇಂಗ್ಲಿಷ್ ಮತ್ತು ಟೈಪಿಂಗ್ ಕಲಿತೆ. ಕೊನೆಗೆ ಕೌನ್ಸಿಲಿನಲ್ಲಿ ಟೈಪ್ ಮಾಡುವ, ಮೀಟಿಂಗಿನ ನಡಾವಳಿ ಬರೆಯುವ ಕೆಲಸ ಸಿಕ್ಕಿತು.

ಸಂದರ್ಶನದ ದಿನ ಒಂದು ಸಂಗತಿ ನಡೆಯಿತು. ಗುಟ್ಟಿನ ಕೆಲಸವಾದ್ದರಿಂದ ಮನೆಯವರ ವಿವರವೆಲ್ಲ ಬೇಕಾಗಿತ್ತು. ತೀರಿಕೊಂಡ ಗಂಡನ ಹೆಸರೇನು ಎಂದು ಕೇಳಿದರು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹಿಡಿದು ಹೇಳುವುದಿಲ್ಲ. ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನವ್ವ ಹೇಳುತ್ತಿದ್ದಳು. ಕಡಿಮೆಯಾಗಲು ಆಯುಷ್ಯವೇ ಉಳಿದಿರಲಿಲ್ಲ, ಆದರೂ ನಾಲಿಗೆ ಏಳಲಿಲ್ಲ. ಅರ್ಜಿಯನ್ನು ಅವರ ಕಡೆ ತಿರುಗಿಸಿ, ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ನಕ್ಕು ಮುಂದಿನ ಪ್ರಶ್ನೆ ಕೇಳಿದರು. ಆಗ ಆ ಕೋಣೆ ಇನ್ನೂ ಅಷ್ಟು ಕೆಟ್ಟಿರಲಿಲ್ಲ.

ಆ ಕೋಣೆ ಎಂದರೇನು ಎಂದು ಹೇಳುತ್ತೇನೆ. ಲಂಡನ್ನಿನ ಕೆಲವು ಕೌನ್ಸಿಲುಗಳು ತಮ್ಮ ತಮ್ಮ ಪಾಲು ಹಾಕಿ, ಸರ್ಕಾರದ ಅನುದಾನವನ್ನೂ ಸೇರಿಸಿ ಒಂದು ಜಂಟಿ ವ್ಯವಸ್ಥೆ ನಡೆಸುತ್ತಿದ್ದವು, ಒಂದೊಂದು ಕೌನ್ಸಿಲಿನಲ್ಲೂ ಅದರದೊಂದು ಕೋಣೆ. ಶಾಲೆ, ಆಸ್ಪತ್ರೆ, ಹೌಸಿಂಗ್ ಆಫೀಸು, ಯಾರಿಗೆ ಎಲ್ಲಿ ಅನುಮಾನ ಬಂದರೂ ನಮಗೆ ತಿಳಿಸಬೇಕು. ನಾವು ಅದನ್ನು ಉಳಿದ ಕೌನ್ಸಿಲುಗಳಿಗೂ ಪೊಲೀಸರಿಗೂ ಹಂಚಬೇಕು. ಬಾಂಬ್ ಇಡುವವರನ್ನು ಮೊದಲೇ ಹಿಡಿಯಬೇಕು ಎಂಬುದು ಉದ್ದೇಶ. ಅದು ಒಳ್ಳೆಯ ಉದ್ದೇಶವೇ. ರೈಲಿನಲ್ಲಿ ದಿನಾ ಓಡಾಡುವವಳು ನಾನೂ. ಬಾಂಬ್ ಸಿಡಿದ ಮರುದಿನ ಅದೇ ಟ್ಯೂಬಿನಲ್ಲಿ ಚೀಲ ಎದೆಗವಚಿಕೊಂಡು ಕೂತವಳು. ಬೇಡದ ಕೆಲಸ ಎಂದು ನಾನು ಎಂದೂ ಹೇಳಿಲ್ಲ.

ಮೊದಮೊದಲು ಎಲ್ಲ ಕಾಗದದಲ್ಲಿತ್ತು. ಬಂದ ಸುದ್ದಿಯನ್ನು ಒಬ್ಬ ಹಳೆಯ ಪೊಲೀಸ್ ಅಧಿಕಾರಿ ಓದಿ, ಬೇಕಾದಲ್ಲಿ ತಾನೇ ಬೂಟು ಸವೆಸಿ ಹೋಗಿ ನೋಡಿ ಬರುತ್ತಿದ್ದ. ಹೆಚ್ಚಿನವನ್ನು ಅಲ್ಲೇ ಹರಿದು ಹಾಕುತ್ತಿದ್ದ. ಅವನು ನಿವೃತ್ತನಾದ ಮೇಲೆ ಕಂಪ್ಯೂಟರ್ ಬಂತು, ಅದರ ಜೊತೆ ನಮ್ಮ ಮೇಲಧಿಕಾರಿಯಾಗಿ ಗ್ರಹಾಂ ಬಂದ. ಒಂದು ಗುಂಡಿ ಒತ್ತಿದರೆ ಸುದ್ದಿ ಎಲ್ಲ ಕೌನ್ಸಿಲುಗಳಿಗೂ ಏಕಕಾಲಕ್ಕೆ ಹೋಗುತ್ತಿತ್ತು. ಹೋಗಿ ನೋಡುವವರು ಯಾರೂ ಇರಲಿಲ್ಲ. ಆ ಹುದ್ದೆ ತೆಗೆದ ದುಡ್ಡಿನಲ್ಲೇ ಕಂಪ್ಯೂಟರ್ ಬಂದಿತ್ತು.

ಗ್ರಹಾಂ ಕೆಟ್ಟವನಲ್ಲ. ನನ್ನ ಹುಟ್ಟುಹಬ್ಬಕ್ಕೆ ನೆನಪಿಟ್ಟು ಕೇಕ್ ತರುತ್ತಿದ್ದ. ಆದರೆ ಮಾರ್ಚ್ ಬಂತೆಂದರೆ ಅವನ ಮುಖ ಬೇರೆಯಾಗುತ್ತಿತ್ತು. ಮಾರ್ಚಿನಲ್ಲಿ ಅನುದಾನ ಮುಂದುವರಿಯಬೇಕೋ ಬೇಡವೋ ಎಂಬ ಮೀಟಿಂಗ್. ಯಾವ ಕೌನ್ಸಿಲ್ ಎಷ್ಟು ಸುದ್ದಿ ಹಂಚಿತು ಎಂದು ಗೋಡೆಯ ಮೇಲೆ ಬಣ್ಣದ ಪಟ್ಟಿಗಳನ್ನು ತೋರಿಸುತ್ತಿದ್ದರು. ನಮ್ಮ ಪಟ್ಟಿ ಗಿಡ್ಡ. ಏನೂ ನಡೆಯದಿದ್ದರೆ ನೆಮ್ಮದಿ ಎಂದು ನಾವು ಹಳ್ಳಿಯವರು ತಿಳಿಯುತ್ತೇವೆ. ಅಲ್ಲಿ ಏನೂ ನಡೆಯದಿದ್ದರೆ ಕೆಲಸ ಮಾಡಿಲ್ಲವೆಂದು ಅರ್ಥ.

ನನ್ನ ಪಕ್ಕದ ಮೇಜಿನಲ್ಲಿ ಮೌರೀನ್ ಇದ್ದಳು, ಐರ್ಲೆಂಡಿನವಳು. ನನ್ನನ್ನು ಗಿರಿಜಾ ಎನ್ನಲು ಬಾರದೆ ಗಿರಿ ಮಾಡಿದವಳು ಅವಳೇ. ನಾನು ಮಾತಾಡುವುದಿಲ್ಲವೆಂದು ಅವಳಿಗೆ ಸದಾ ಚೇಷ್ಟೆ: “ಗಿರಿ, ಇವತ್ತು ನೀನು ಬಾಯಿಬಿಟ್ಟರೆ ನಾನು ಅದನ್ನೂ ವರದಿ ಮಾಡಬೇಕಾಗುತ್ತದೆ.” ಅವಳು ಹುಡುಗಿಯಾಗಿದ್ದಾಗ ಲಂಡನ್ನಿನಲ್ಲಿ ಬಾಂಬಿನ ಅನುಮಾನವೆಲ್ಲ ಐರಿಷ್ ಜನರ ಮೇಲೆ. ಅವಳ ಅಣ್ಣ ಪಬ್ಬಿನಲ್ಲಿ ಬಾಯಿಬಿಟ್ಟ ಮಾತಿನ ಧಾಟಿಗೇ ಅವನನ್ನು ಹಿಡಿದುಕೊಂಡು ಹೋಗಿದ್ದರಂತೆ. ಆ ಸಂಗತಿಯನ್ನು ಅವಳು ನಗುತ್ತಲೇ ಹೇಳುತ್ತಿದ್ದಳು. ಕೊನೆಗೆ ಮಾತ್ರ ನಗುತ್ತಿರಲಿಲ್ಲ: “ಆಗಿನವರು ಒರಟರು, ಆದರೆ ಮರೆಯುತ್ತಿದ್ದರು. ಈ ಯಂತ್ರ ಬಹಳ ಸಭ್ಯ, ಏನನ್ನೂ ಮರೆಯುವುದಿಲ್ಲ.”

ಈಗ ಮೆಹಬೂಬಿಯ ವಿಷಯ. ಇದೊಂದನ್ನು ಬರೆಯಲೆಂದೇ ಉಳಿದದ್ದೆಲ್ಲ ಬರೆದೆ.

ಅದು ಮಾರ್ಚ್ ತಿಂಗಳು. ಕೆಳಗಿನ ರಿಸೆಪ್ಷನ್‌ನಿಂದ ಫೋನ್ ಬಂತು. ಭಾರತದ ಹೆಂಗಸೊಬ್ಬಳು ಬಂದಿದ್ದಾಳೆ, ಅವಳ ಭಾಷೆ ಬರುವವರು ಬೇಕು ಎಂದರು. ನಾನು ಇಳಿದು ಹೋದೆ. ಬುರ್ಖಾದ ಮೇಲೆ ದಪ್ಪ ಸ್ವೆಟರ್ ಹಾಕಿ ದುಪಟ್ಟಾ ಹೊದ್ದ ಹೆಂಗಸು ಕೌಂಟರಿನ ಮುಂದೆ ತಲೆ ತಗ್ಗಿಸಿ ನಿಂತಿದ್ದಳು. ಮನೆಯ ಮುಂದೆ ಕಾರು ನಿಲ್ಲಿಸುವ ಪರ್ಮಿಟ್‌ಗಾಗಿ ಬಂದವಳು. ನಾನು ನನ್ನ ಹರಕು ಹಿಂದಿಯಲ್ಲಿ ಏನಾಯಿತು ಎಂದು ಕೇಳಿದೆ. ಆ ಹಿಂದಿ ಕೇಳಿ ಅವಳು ತಲೆ ಎತ್ತಿದಳು.

“ನೀವು ಕನ್ನಡದಾವರೇನ್ರಿ?”

ಹಾವೇರಿ ಕಡೆ ಎಂದೆ.

“ಅಯ್ಯ, ನಾವು ಹುಬ್ಬಳ್ಳಿಯಾವ್ರು. ಬಾಜೂ ಮನಿಯಾವ್ರು ಸಿಕ್ಕಂಗಾತಲ್ರಿ ಅಕ್ಕಾರ. ಈ ಹುಡುಗಿ ನಮ್ಮ ಮನಿಯಾವ್ರ ಹೆಸರ ಕೇಳಾಕತ್ತಾಳ. ಗಾಡಿ ಅವರ ಹೆಸರಿಲೆ ಐತಿ. ಏರ್‌ಪೋರ್ಟಿನಾಗ ರಾತ್ರಿ ಪಾಳಿ ಅಂತ ನನಗ ಬಂದಷ್ಟು ಇಂಗ್ಲಿಷಿನ್ಯಾಗ ಹೇಳೇನಿ, ಕಾರ್ಡ್ ಮನ್ಯಾಗೈತಿ, ತಂದು ತೋರಿಸ್ತೀನಂತ ಹೇಳೇನಿ. ಇಲ್ಲ, ಬಾಯಿಲೇ ಹೇಳಂತಾಳ. ಗಂಡನ ಹೆಸರ ಹಂಗ ಬಾಯಾಗ ತಗೊಳ್ಳಾಕ ಬರತೈತೇನ್ರಿ?”

ನನಗೆ ನನ್ನ ಸಂದರ್ಶನ ನೆನಪಾಯಿತು. ನಗುವೂ ಬಂತು. “ಹಂಗಾರ ಒಡಪು ಹಾಕಿ ಹೇಳವಾ” ಎಂದೆ.

ಒಡಪು ಎಂದರೆ ನಿಮಗೆ ಗೊತ್ತಿರಲಾರದು. ನಮ್ಮ ಕಡೆ ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರು ಸುತ್ತುಗಟ್ಟಿ ಗಂಡನ ಹೆಸರು ಹೇಳೆಂದು ಕಾಡುತ್ತಾರೆ. ಎರಡು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಹೆಸರನ್ನು ಹುದುಗಿಸಿ ಹೇಳಿದರೆ ದೋಷವಿಲ್ಲ. ಅಂಥ ಸಮಯದಲ್ಲಿ ಎಂಥ ನಾಚಿಕೆಯವಳಿಗೂ ಒಂದು ಘನತೆ ಬರುತ್ತದೆ. ಓಣಿಯ ಮದುವೆಗಳಲ್ಲಿ ಜಾತಿ ಯಾವುದಾದರೂ ಹೆಂಗಸರು ಇದನ್ನು ಕೇಳಿ ಬೆಳೆದವರೇ. ಮೆಹಬೂಬಿ ದುಪಟ್ಟಾದ ಸೆರಗನ್ನು ಬಾಯಿಗಿಟ್ಟುಕೊಂಡು ಆಚೀಚೆ ನೋಡಿದಳು. ಬಾಗಿಲ ಬಳಿ ಕರಿ ಕೋಟಿನ ಕಾವಲುಗಾರ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಅವನನ್ನೇ ನೋಡಿ, ರಾಗ ಎಳೆದು ಹೇಳಿದಳು:

“ಕರಿ ಕೋಟಿನ ಸಾಹೇಬರು ಕುಂತಾರ ಕುರ್ಚಿ ಮ್ಯಾಲ,
ಖಾಜಾಸಾಬರ ಹೆಸರ ಐತಿ ನನ್ನ ನಾಲಿಗಿ ಮ್ಯಾಲ.”

ನಾವಿಬ್ಬರೂ ನಕ್ಕೆವು. ಲಂಡನ್ನಿಗೆ ಬಂದ ಮೇಲೆ ಒಡಪು ಕೇಳಿದ್ದು ಅದೇ ಮೊದಲು. ಹೆಸರಿನ ಅಕ್ಷರಗಳನ್ನು ನಾನು ರಿಸೆಪ್ಷನ್ ಹುಡುಗಿಗೆ ಬಿಡಿಸಿ ಹೇಳಿದೆ. ಪರ್ಮಿಟ್ ಆಯಿತು. ಮೆಹಬೂಬಿ ನನ್ನ ಕೈ ಹಿಡಿದು, ಒಂದು ದಿನ ರೊಟ್ಟಿ ಊಟಕ್ಕೆ ಬರಲೇಬೇಕೆಂದು ಮಾತು ತೆಗೆದುಕೊಂಡು ಹೋದಳು.

ನಾನು ಮೇಲೆ ಬರುವಷ್ಟರಲ್ಲಿ ವರದಿ ಬಂದು ಹೋಗಿತ್ತು. ನನಗಾಗಿ ಕಾಯುತ್ತಿದ್ದಾಗಲೇ ಆ ಹುಡುಗಿ ತನ್ನ ಕಂಪ್ಯೂಟರಿನಲ್ಲಿ ಅದನ್ನು ತುಂಬಿ ಕಳಿಸಿದ್ದಳು. ಹಿಂದಿನ ವಾರವಷ್ಟೇ ಅವಳಿಗೆ ‘ಗಮನಿಸಿ, ತಿಳಿಸಿ’ ಎಂಬ ತರಬೇತಿ ಕೊಟ್ಟಿದ್ದರು. ಗ್ರಹಾಂ ಅದನ್ನು ನೋಡಿದವನೇ ಗುಂಡಿ ಒತ್ತಿದ್ದ. ಮನೆಯ ಗಂಡಸಿನ ಹೆಸರು ಹೇಳಲು ಮಹಿಳೆ ನಿರಾಕರಿಸಿದಳು, ಭಯಗೊಂಡಂತೆ ಕಂಡಳು, ಗಂಡಸಿಗೆ ವಿಮಾನ ನಿಲ್ದಾಣದಲ್ಲಿ ರಾತ್ರಿ ಕೆಲಸ. ಅಷ್ಟೇ ಇದ್ದದ್ದು. ಅದರಲ್ಲಿ ಪೂರ್ತಿ ಸುಳ್ಳೆನ್ನಬಹುದಾದ ವಾಕ್ಯ ಒಂದೂ ಇರಲಿಲ್ಲ. ಅವಳು ಹೇಳದ ಹೆಸರನ್ನು ಗ್ರಹಾಂ ವಿಳಾಸ ಹಿಡಿದು ಕೌನ್ಸಿಲಿನ ಮನೆ ತೆರಿಗೆಯ ದಾಖಲೆಯಿಂದ ತೆಗೆದು ಸೇರಿಸಿದ್ದ. ಹೆಸರು ಮೊದಲಿನಿಂದಲೂ ನಮ್ಮ ಹತ್ತಿರವೇ ಇತ್ತು.

ನಾನು ಅವನ ಮೇಜಿನ ಬಳಿ ಹೋಗಿ ನಡೆದದ್ದನ್ನು ಹೇಳಿದೆ. ಒಡಪನ್ನೂ ನನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದೆ. ಅವನಿಗೆ ಬಹಳ ಹಿಡಿಸಿತು.

“ಎಷ್ಟು ಚೆಂದದ ಪದ್ಧತಿ, ಗಿರಿ. ಇದನ್ನು ನಾವು ತರಬೇತಿಯಲ್ಲಿ ಹೇಳಬೇಕು.”

“ಹಾಗಾದರೆ ವರದಿಯನ್ನು ಹಿಂದಕ್ಕೆ ತರಿಸಿ” ಎಂದೆ.

ಅವನು ತಾಳ್ಮೆಯಿಂದ ವಿವರಿಸಿದ. ನಮ್ಮ ಪ್ರತಿಗೆ ಒಂದು ಟಿಪ್ಪಣಿ ಸೇರಿಸಬಹುದು. ಉಳಿದ ಕೌನ್ಸಿಲುಗಳಿಗೆ ಹೋದ ಪ್ರತಿಗಳು ಅವರವರ ಆಸ್ತಿ. ಅವನ್ನು ತಿದ್ದಿಸಲು ಬೇರೆ ಜನ ಬೇಕು, ಅನುದಾನದಲ್ಲಿ ಅದಕ್ಕೆ ಜಾಗವಿಲ್ಲ. ಹಂಚುವುದಕ್ಕೆ ದುಡ್ಡಿತ್ತು, ಹಂಚಿದ್ದನ್ನು ಹಿಂದಕ್ಕೆ ತರುವುದಕ್ಕೆ ಇರಲಿಲ್ಲ. ಇಷ್ಟನ್ನು ನೀನು ಮೊದಲ ದಿನವೇ ತಿಳಿದುಕೊಂಡರೆ ಉಳಿದದ್ದನ್ನು ನಿಧಾನವಾಗಿ ಕಲಿಯಬಹುದು.

ನಾನು ಟಿಪ್ಪಣಿ ಸೇರಿಸಿದೆ. ಮೌರೀನ್ ಮತ್ತು ನಾನು ಉಳಿದ ಕೌನ್ಸಿಲುಗಳಿಗೂ ಬರೆದೆವು. ಕೆಲವರು ‘ಗಮನಿಸಲಾಗಿದೆ’ ಎಂದರು. ಕೆಲವರು ರಜೆಯಲ್ಲಿದ್ದರು. ವಿಮಾನ ನಿಲ್ದಾಣ ಇರುವ ಕಡೆಯ ಕೌನ್ಸಿಲಿನಲ್ಲಿ ಆ ಕೆಲಸ ನೋಡುವವರೇ ಬಿಟ್ಟುಹೋಗಿದ್ದರು. ಮೌರೀನ್ ಅಲ್ಲಿಗೆ ಫೋನ್ ಮಾಡಿದಾಗ ಯಂತ್ರ ಸಂಗೀತ ನುಡಿಸುತ್ತಿತ್ತು. ಅವಳು ಫೋನನ್ನು ಮೇಜಿನ ಮೇಲಿಟ್ಟು, “ನಿನ್ನ ಗೆಳತಿಗೆ ಪದ್ಯ ಬರುತ್ತದೆ, ಇವರಿಗೆ ಬರೀ ರಾಗ ಬರುತ್ತದೆ” ಎಂದಳು.

ನಾನು ರೊಟ್ಟಿ ಊಟಕ್ಕೆ ಹೋದೆ. ಖಾಜಾಸಾಬರು ಸಾಧು ಮನುಷ್ಯ. ವಿಮಾನದೊಳಗಿನ ಸೀಟುಗಳ ಸಂದಿಯಿಂದ ಕಸ ತೆಗೆಯುವ ಕೆಲಸ ಅವರದು. ಯಾರೋ ಮಗು ಬಿಟ್ಟುಹೋದ ಗೊಂಬೆಗಳನ್ನು ಆಫೀಸಿಗೆ ಒಪ್ಪಿಸುವಾಗ ಜೀವ ಚುರ್ ಎನ್ನುತ್ತದೆ ಎಂದು ಹೇಳುತ್ತಿದ್ದರು. ಮಗಳು ರುಬೀನಾ ನರ್ಸಿಂಗ್ ಓದುತ್ತಿದ್ದಳು. ಮೆಹಬೂಬಿಯ ಶೇಂಗಾ ಚಟ್ನಿ ನಮ್ಮವ್ವನ ಕೈರುಚಿಯಂತೆಯೇ ಇತ್ತು. ಆಮೇಲೆ ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದೆ. ನಿನ್ನ ಅಮ್ಮನ ಮದುವೆಯಾದ ಮೇಲೆ ಈ ಊರಿನಲ್ಲಿ ನಾನು ಮಾತಾಡಿದ್ದು ಆ ಮನೆಯಲ್ಲೇ.

ಮರುವರ್ಷ ಖಾಜಾಸಾಬರ ಏರ್‌ಪೋರ್ಟ್ ಪಾಸು ನವೀಕರಣಕ್ಕೆ ಬಂತು. ನವೀಕರಿಸಲಿಲ್ಲ. ಕಾರಣ ಹೇಳಲಿಲ್ಲ. ಪಾಸಿಲ್ಲದೆ ಕೆಲಸವಿಲ್ಲ. ಪಾಸು ಕೊಡುವವರು ಆ ಕಡೆಯ ಕೌನ್ಸಿಲನ್ನು ಕೇಳಿದ್ದರು, ಅಲ್ಲಿದ್ದ ಪ್ರತಿಯಲ್ಲಿ ನನ್ನ ಟಿಪ್ಪಣಿ ಇರಲಿಲ್ಲ. ‘ಹೌದು, ಒಂದು ದಾಖಲೆ ಇದೆ’ ಎಂದು ಉತ್ತರ ಹೋಗಿತ್ತು. ಆ ಉತ್ತರದ ಪ್ರತಿ ನಮ್ಮ ಕೋಣೆಗೂ ಬಂದದ್ದರಿಂದ ನನಗೆ ತಿಳಿಯಿತು.

ಇದನ್ನು ಹೊರಗೆ ಹೇಳಬಾರದೆಂದು ನಾನು ಸಹಿ ಮಾಡಿದ್ದೆ. ಆದರೂ ಹೇಳಿದೆ. ಹಾಗೆ ಹೇಳಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಪಾರ್ಕಿನ ಬೆಂಚಿನ ಮೇಲೆ ಮೆಹಬೂಬಿಯನ್ನು ಕೂರಿಸಿ, ಆ ದಿನದ ಕೌಂಟರಿನಿಂದಲೇ ಇದು ಶುರುವಾದದ್ದು ಎಂದು ತಿಳಿಸಿದೆ. ಅವಳು ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೇಳಿದ್ದು ಬೇರೆ:

“ನಾ ಹೆಸರ ಹೇಳಿದ್ನೆಲ್ರಿ ಅಕ್ಕಾರ. ಒಡಪು ಕಟ್ಟಿ ಹೇಳಿದ್ನಿ. ಅದನ್ನ ಬರೀಲಿಲ್ಲೇನ್ರಿ ಅವರು?”

 ಗಂಡ ಹೆಂಡತಿ ವಕೀಲರ ಮೂಲಕ ಕೌನ್ಸಿಲಿಗೆ ಬರೆಸಿ ಕೇಳಿದರು. ಅಂಥ ದಾಖಲೆ ಇದೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ ಎಂದು ಉತ್ತರ ಬಂತು. ಖಾಜಾಸಾಬರು ಒಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ ಹಿಡಿದರು, ಬೆನ್ನು ಹಿಡಿಯಿತು. ಕಾರು ಮಾರಿದರು. ಪರ್ಮಿಟ್ ಮಾತ್ರ ಅಡುಗೆಮನೆಯ ಗೋಡೆಯ ಮೇಲೆ ಉಳಿಯಿತು.

ಇಲ್ಲಿಯವರೆಗೆ ನನಗೂ ಒಂದು ನಂಬಿಕೆ ಇತ್ತು: ಇದು ಯಾರ ಕೈಯಲ್ಲೂ ಇಲ್ಲ, ಯಂತ್ರದ ದೋಷ ಎಂದು. ಅದನ್ನು ಬಿಡಿಸಿದವರು ನಮ್ಮವರೇ. ಮೈಸೂರಿನ ಒಬ್ಬ ಡಾಕ್ಟರು ನಮ್ಮ ಕೌನ್ಸಿಲಿನ ವ್ಯಾಪ್ತಿಯಲ್ಲಿ ಹೊಸ ಮನೆ ಕೊಂಡು ಗೃಹಪ್ರವೇಶದ ಹೋಮ ಮಾಡಿಸಿದರು. ಗ್ಯಾರೇಜಿನಿಂದ ಹೊಗೆ, ಒಳಗಿಂದ ಮಂತ್ರ, ಬೆಳಗಿನ ಜಾವ ಮೂಟೆ ಹೊತ್ತ ಗಂಡಸರು. ಪಕ್ಕದ ಮನೆಯವರು ದೂರು ಕೊಟ್ಟರು, ನಮ್ಮ ಕೋಣೆಯಿಂದ ಅದು ಎಲ್ಲ ಕಡೆಗೂ ಹೋಯಿತು. ಡಾಕ್ಟರಿಗೆ ಹೇಗೋ ಸುಳಿವು ಸಿಕ್ಕಿತು. ಅವರು ಒಬ್ಬ ಕೌನ್ಸಿಲರ್ ಜೊತೆ ಗಾಲ್ಫ್ ಆಡುತ್ತಿದ್ದವರು. ವಾರ ಕಳೆಯುವುದರೊಳಗೆ ಗ್ರಹಾಂ ತಾನೇ ಕೂತು ಒಂದೊಂದು ಕೌನ್ಸಿಲಿಗೂ ಫೋನ್ ಮಾಡಿ ಆ ವರದಿಯನ್ನು ಬೇರುಸಹಿತ ತೆಗೆಸಿದ. ರಜೆಯಲ್ಲಿದ್ದವರೂ ಸಿಕ್ಕರು, ಬಿಟ್ಟುಹೋದವರ ಜಾಗದಲ್ಲೂ ಯಾರೋ ಇದ್ದರು.

ಆ ವರ್ಷದ ಯುಗಾದಿ ಊಟದಲ್ಲಿ ಡಾಕ್ಟರ ಹೆಂಡತಿ ಇದನ್ನೇ ಹೇಳಿ ಎಲ್ಲರನ್ನೂ ನಗಿಸುತ್ತಿದ್ದರು. “ನಮ್ಮನ್ನೂ ಟೆರರಿಸ್ಟ್ಸ್ ಅಂದ್ಕೊಂಡ್ಬಿಟ್ರಲ್ಲ ರೀ! ನಮ್ಮನ್ನ! ನಮ್ಮವ್ರು ಒಂದ್ ಮಾತ್ ಹೇಳಿದ್ರು ನೋಡಿ, ಅಷ್ಟೇ, ಸಾರಿ ಕೇಳಿದ್ರು.” ನಾನು ಹೋಳಿಗೆಯ ತಟ್ಟೆ ಹಿಡಿದು ಪಕ್ಕದಲ್ಲೇ ಕೂತಿದ್ದೆ. ‘ನಮ್ಮನ್ನೂ’ ಎಂದಾಗ ಬೇರೆ ಯಾರನ್ನು ಅಂದುಕೊಂಡರೆ ಸರಿಯೆಂದು ಅವರು ತಿಳಿದಿದ್ದರೋ ಕೇಳಬೇಕೆನಿಸಿತು.

ಮರುದಿನ ಗ್ರಹಾಂ ಬಳಿ ಹೋಗಿ, ಹೋಮದ ವರದಿಯನ್ನು ತೆಗೆಸಿದ ಹಾಗೆಯೇ ಖಾಜಾಸಾಬರದ್ದನ್ನೂ ತೆಗೆಸಿ ಎಂದೆ. ಅದು ಬೇರೆ, ಇದು ಬೇರೆ ಎಂದ. ಇದರ ಮೇಲೆ ಈಗಾಗಲೇ ‘ಕ್ರಮ’ ಆಗಿದೆ, ಕ್ರಮವಾದ ಮೇಲೆ ತೆಗೆದರೆ ಕ್ರಮವೇ ತಪ್ಪೆಂದಾಗುತ್ತದೆ ಎಂದ. ಹೌದಲ್ಲ, ತಪ್ಪೇ ಅಲ್ಲವೇ ಎಂದೆ. ಅವನು ಕಂಪ್ಯೂಟರಿನ ಕಡೆ ತಿರುಗಿದ.

ಮುಂದಿನ ಮಾರ್ಚಿನಲ್ಲಿ ಮತ್ತೆ ಅನುದಾನದ ಮೀಟಿಂಗ್. ದುಡ್ಡು ಕಡಿಮೆಯಾಗಿದೆ, ಲೈಬ್ರರಿಗಳನ್ನೇ ಮುಚ್ಚುತ್ತಿದ್ದೇವೆ, ಈ ಕೋಣೆಯಿಂದ ಏನು ಪ್ರಯೋಜನ ಎಂದು ಕೌನ್ಸಿಲರುಗಳು ಕೇಳಿದರು. ಮುಚ್ಚುವ ಪಟ್ಟಿಯಲ್ಲಿ ನಾನು ಇಂಗ್ಲಿಷ್ ಕಲಿತ ಲೈಬ್ರರಿಯೂ ಇತ್ತು. ಗ್ರಹಾಂ ಎದ್ದು ನಿಂತು ಸಾಧನೆಗಳನ್ನು ಹೇಳಿದ. ಅದರಲ್ಲೊಂದು: ನಮ್ಮ ಕೌನ್ಸಿಲ್ ಹಂಚಿದ ಮಾಹಿತಿಯ ಆಧಾರದಿಂದ ವಿಮಾನ ನಿಲ್ದಾಣದ ಉದ್ಯೋಗಿಯೊಬ್ಬನ ಪಾಸನ್ನು ತಡೆಹಿಡಿಯಲಾಯಿತು.

ನಾನು ನಡಾವಳಿ ಬರೆಯುತ್ತಿದ್ದವಳು ಪೆನ್ನು ಕೆಳಗಿಟ್ಟೆ. ಅಷ್ಟು ವರ್ಷಗಳಲ್ಲಿ ಮೀಟಿಂಗಿನಲ್ಲಿ ಬಾಯಿ ತೆರೆದವಳಲ್ಲ. ಕೂತಲ್ಲಿಂದಲೇ ಹೇಳಿದೆ: “ಆ ಹೆಂಗಸು ಹೆಸರು ಹೇಳಿದ್ದಳು. ನಾನು ಅಲ್ಲಿದ್ದೆ. ಆ ಮನುಷ್ಯ ಏನೂ ಮಾಡಿಲ್ಲ.”

ಎಲ್ಲರೂ ನನ್ನ ಕಡೆ ನೋಡಿದರು. ಅಧ್ಯಕ್ಷೆ ಬಹಳ ಮೃದುವಾಗಿ ವಂದನೆ ಹೇಳಿ, ಒಂದೊಂದೇ ಪ್ರಕರಣವನ್ನು ಇಲ್ಲಿ ಚರ್ಚಿಸುವುದಿಲ್ಲ ಎಂದರು. ಅನುದಾನ ಮುಂದುವರಿಯಿತು. ಲೈಬ್ರರಿ ಮುಚ್ಚಿತು. ನಾನು ಹೇಳಿದ್ದನ್ನು ನಡಾವಳಿಯಲ್ಲಿ ಬರೆದೆ, ಗ್ರಹಾಂ ತೆಗೆಸಿದ. ನಡಾವಳಿ ಬರೆಯುವವರು ಸಭೆಯ ಸದಸ್ಯರಲ್ಲ, ಅವರ ಮಾತು ಅದರಲ್ಲಿ ಬರುವಂತಿಲ್ಲ ಎಂಬುದು ನಿಯಮ. ನಿಯಮ ಇದ್ದದ್ದು ನಿಜ. ನಾನೇ ಹುಡುಕಿ ನೋಡಿದೆ.

ಅದೇ ಗ್ರಹಾಂ ನಾನು ನಿವೃತ್ತಳಾಗುವವರೆಗೂ ಪ್ರತಿ ತರಬೇತಿಯಲ್ಲಿ ಒಡಪಿನ ಕತೆ ಹೇಳುತ್ತಿದ್ದ. ಬೇರೆಯವರ ಸಂಸ್ಕೃತಿಯನ್ನು ಅರಿಯಬೇಕು ಎಂಬುದಕ್ಕೆ ಉದಾಹರಣೆಯಾಗಿ. ಜನ ಚಪ್ಪಾಳೆ ತಟ್ಟುತ್ತಿದ್ದರು. ಕತೆಯಲ್ಲಿ ಹೆಸರಿರುತ್ತಿರಲಿಲ್ಲ, ದಾಖಲೆಯಲ್ಲಿ ಇತ್ತು.

ಮೌರೀನ್ ನನಗಿಂತ ಮೊದಲೇ ಬಿಟ್ಟು ಹೋದಳು. ಹೋಗುವ ದಿನ ನನ್ನ ಕೆನ್ನೆಗೆ ಮುತ್ತು ಕೊಟ್ಟು, “ಕೊನೆಗೂ ಬಾಯಿಬಿಟ್ಟೆಯಲ್ಲ ಗಿರಿ, ವರದಿ ಮಾಡಲಿಲ್ಲ ನಾನು” ಎಂದಳು. ಆ ಕೋಣೆಯಲ್ಲಿ ನನಗೆ ಸಿಕ್ಕಿದ ಬಹುಮಾನ ಅದೊಂದೇ.

ಮೇಘನಾ, ಕೆಲಸ ಬಿಡು ಎಂದು ನಾನು ಹೇಳುವುದಿಲ್ಲ. ಯಾರೋ ಒಬ್ಬರು ಮಾಡಲೇಬೇಕಾದ ಕೆಲಸ ಅದು. ನಿನ್ನಂಥವಳು ಮಾಡಿದರೆ ಮೇಲು. ಆದರೆ ಗುಂಡಿ ಒತ್ತುವ ಮೊದಲು, ಇದನ್ನು ಹಿಂದಕ್ಕೆ ತರುವವರು ಯಾರು, ಅವರ ಹೆಸರೇನು, ಅವರಿಗೆ ಸಂಬಳ ಇದೆಯೇ ಎಂದು ಕೇಳು. ಉತ್ತರ ಕೊಡದಿದ್ದರೆ ಮತ್ತೆ ಕೇಳು. ನಿನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ.

ಹೋದ ಬೇಸಿಗೆಯಲ್ಲಿ ರುಬೀನಾಳ ಮದುವೆಯಾಯಿತು. ಹುಬ್ಬಳ್ಳಿ ಧಾರವಾಡದ ಕಡೆಯ ಹೆಂಗಸರೆಲ್ಲ ಮದುವೆ ಹಾಲ್‌ನ ಒಂದು ಮೂಲೆಯಲ್ಲಿ ಸೇರಿದ್ದೆವು. ಮದುಮಗಳ ತಾಯಿ ಗಂಡನ ಹೆಸರು ಹೇಳಲೇಬೇಕು ಎಂದು ಎಲ್ಲರೂ ಮೆಹಬೂಬಿಯನ್ನು ಹಿಡಿದರು. ಒಬ್ಬಳು ಅವಳ ದುಪಟ್ಟಾ ಎಳೆದಳು, ಒಬ್ಬಳು ಪ್ರಾಸಕ್ಕೆ ಮೊದಲ ಸಾಲು ತಾನೇ ಕಟ್ಟಿಕೊಟ್ಟಳು. ನಾನೂ ಆಸೆಯಿಂದ ಅವಳ ಬಾಯಿ ನೋಡುತ್ತಿದ್ದೆ.

ಮೆಹಬೂಬಿ ನೆಟ್ಟಗೆ ನಿಂತಳು. ಸೆರಗನ್ನು ಬಾಯಿಗೆ ಹಿಡಿಯಲಿಲ್ಲ. ಖಾಜಾಸಾಬ್ ಎಂದು ಹೇಳಿ, ಇಂಗ್ಲಿಷಿನ ಒಂದೊಂದು ಅಕ್ಷರ ಬಿಡಿಸಿ, ಹುಟ್ಟಿದ ತಾರೀಖು ಹೇಳಿ, ಮನೆಯ ಪೋಸ್ಟ್‌ಕೋಡ್ ಹೇಳಿದಳು.

ಹೆಂಗಸರೆಲ್ಲ ಚೇಷ್ಟೆ ಎಂದುಕೊಂಡು ಹೊಟ್ಟೆ ಹಿಡಿದು ನಕ್ಕರು. ಅವಳು ನನ್ನ ಕಡೆ ನೋಡಿದಳು. ಅವಳು ನಗುತ್ತಿರಲಿಲ್ಲ.